ಬಿದ್ದ ಹಲ್ಲಿಗೆ ಅರ್ಧ ಗಂಟೆ ಜೀವ ಇರುತ್ತದೆ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ಮಕ್ಕಳ ಹಲ್ಲಿನ ಬಗ್ಗೆ ಲೇಖನ ಬಂದಿತ್ತು. ಹುಳುಕು, ಸಿಹಿ ತಿನ್ನುವುದು, ದಿನಕ್ಕೆ ಎರಡು ಸಲ ಉಜ್ಜುವುದು, ಎಲ್ಲ ಚೆನ್ನಾಗಿ ಹೇಳಿದ್ದರು. ಆದರೆ ಪೆಟ್ಟು ಬಿದ್ದು ಹಲ್ಲು ಮುರಿದರೆ, ಬುಡಸಮೇತ ಕಿತ್ತು ಬಂದರೆ ಏನು ಮಾಡಬೇಕು ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನು 24 ವರ್ಷದಿಂದ ಪಿ.ಟಿ. ಮೇಷ್ಟ್ರು. ಆ ಒಂದು ಸಾಲು ನನಗೆ ಗೊತ್ತಿಲ್ಲದೆ ಒಬ್ಬ ಹುಡುಗನ ಹಲ್ಲು ನನ್ನ ಕೈಯಲ್ಲೇ ಸತ್ತಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಬೇಸರ ಮಾಡಿಕೊಳ್ಳದೆ ಓದಿ.

ಎಂಟು ವರ್ಷದ ಹಿಂದಿನ ಮಾತು. ಸಂಜೆ ಆಟದ ಹೊತ್ತು. ಒಂದೇ ಚೆಂಡಿಗಾಗಿ ಇಬ್ಬರು ಹುಡುಗರು ಎದುರುಬದುರಾಗಿ ಓಡಿ ಬಂದರು. ಇಬ್ಬರ ಕಣ್ಣೂ ಚೆಂಡಿನ ಮೇಲೆ. ಒಬ್ಬನ ಹಣೆ ಇನ್ನೊಬ್ಬನ ಬಾಯಿಗೆ ಬಡಿಯಿತು. ಹಣೆಗೆ ಏಟು ಬಿದ್ದವನು ತಲೆ ಉಜ್ಜಿಕೊಂಡು ಎದ್ದ. ಇನ್ನೊಬ್ಬ ಏಳಲಿಲ್ಲ. ಅಂಗೈಯನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕೂತ. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಕೈ ತೆಗೆಸಿ ನೋಡಿದರೆ ಮೇಲಿನ ಸಾಲಿನ ಮುಂದಿನ ದೊಡ್ಡ ಹಲ್ಲು ಒಂದು ಇಲ್ಲ. ಅವನಿಗೆ ಆಗ 11 ವರ್ಷ.

ಹಲ್ಲು ಮಣ್ಣಿನಲ್ಲಿ ಸಿಕ್ಕಿತು. ಬುಡಸಮೇತ ಬಂದ ಹಲ್ಲನ್ನು ನಾನು ನೋಡಿದ್ದು ಅದೇ ಮೊದಲು. ಬಾಯಲ್ಲಿ ಕಾಣುವ ಬಿಳಿ ಭಾಗ ಅದರ ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಬೇರು. ತಿಳಿ ಹಳದಿ ಬಣ್ಣ, ತುದಿಗೆ ಹೋಗುತ್ತಾ ಸಣ್ಣ. ಬೇರಿನ ಮೇಲೆ ತೇವವಾದ ಒಂದು ತೆಳು ಪೊರೆ ಇತ್ತು, ಅಲ್ಲಲ್ಲಿ ಕೆಂಪು ಎಳೆ, ಅದಕ್ಕೆ ಮಣ್ಣು ಮೆತ್ತಿತ್ತು. ಗಲೀಜು ಅಂದುಕೊಂಡೆ. ನಲ್ಲಿ ಬಿಟ್ಟು ತೊಳೆದೆ. ಮಣ್ಣು ಹೋಯಿತು, ಪೊರೆ ಹೋಗಲಿಲ್ಲ. ಹೆಬ್ಬೆರಳ ಉಗುರಿನಿಂದ ಕೆರೆದು ತೆಗೆದೆ. ಬೇರು ನುಣ್ಣಗಾದ ಮೇಲೆ ಒಂದು ಒಣ ಕಾಗದದಲ್ಲಿ ಸುತ್ತಿ ಅಂಗಿ ಜೇಬಿಗೆ ಹಾಕಿಕೊಂಡೆ.

ಹುಡುಗನ ಅಪ್ಪನಿಗೆ ಫೋನ್ ಮಾಡಿದೆ. ಅವರು ಬರುವವರೆಗೆ ಕಾದೆವು. ಮೊದಲು ಒಂದು ಕ್ಲಿನಿಕ್ಕಿಗೆ ಹೋಗಿ ತುಟಿಗೆ ಹೊಲಿಗೆ ಹಾಕಿಸಿದೆವು. ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ. ಅಷ್ಟು ಹೊತ್ತಿಗೆ ಎರಡೂವರೆ ಗಂಟೆ ಕಳೆದಿತ್ತು. ಹಲ್ಲಿನ ಡಾಕ್ಟರು ಹೆಂಗಸು, ನನಗಿಂತ ಚಿಕ್ಕವರು. ಕಾಗದ ಬಿಚ್ಚಿದರು. ಹಲ್ಲನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದರು.

“ಇದನ್ನ ತೊಳೆದಿದ್ದು ಯಾರು?”

“ನಾನೇ ಡಾಕ್ಟ್ರೇ.”

“ಬೇರನ್ನ ಉಜ್ಜಿದ್ರಾ?”

“ಹೌದು, ಚೆನ್ನಾಗಿ ಕ್ಲೀನ್ ಮಾಡ್ದೆ.”

ಅವರು ಬೈಯಲಿಲ್ಲ. ಒಂದು ಕ್ಷಣ ಸುಮ್ಮನಿದ್ದು ಕೆಲಸ ಶುರು ಮಾಡಿದರು. ಹಲ್ಲನ್ನು ಜಾಗಕ್ಕೆ ಕೂರಿಸಿ, ಅಕ್ಕಪಕ್ಕದ ಹಲ್ಲುಗಳಿಗೆ ತೆಳು ತಂತಿಯಿಂದ ಕಟ್ಟಿದರು. ಎಲ್ಲ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ವಿವರಿಸಿದರು.

ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ಮೂಳೆಯಲ್ಲಿ ನಿಂತಿರುವುದಿಲ್ಲವಂತೆ. ಬೇರಿಗೂ ಮೂಳೆಗೂ ನಡುವೆ ಸಣ್ಣ ಸಣ್ಣ ನಾರುಗಳ ಒಂದು ಪೊರೆ ಇರುತ್ತದೆ. ಅದರ ದಪ್ಪ ಹೆಚ್ಚುಕಮ್ಮಿ ಒಂದು ಮಿಲಿಮೀಟರಿನ ಐದನೇ ಒಂದು ಭಾಗ. ಹಲ್ಲು ಆ ನಾರುಗಳಲ್ಲಿ ತೂಗಿಕೊಂಡಿರುತ್ತದೆ. ಹಲ್ಲು ಕಿತ್ತು ಬಂದಾಗ ಆ ಪೊರೆಯ ಅರ್ಧ ಬೇರಿಗೆ ಅಂಟಿಕೊಂಡೇ ಬರುತ್ತದೆ, ಅದರಲ್ಲಿರುವ ಜೀವಕೋಶಗಳು ಇನ್ನೂ ಬದುಕಿರುತ್ತವೆ. ಅವು ಬದುಕಿದ್ದಾಗಲೇ ಹಲ್ಲನ್ನು ವಾಪಸ್ ಇಟ್ಟರೆ ನಾರುಗಳು ಮತ್ತೆ ಕೂಡಿಕೊಳ್ಳುತ್ತವೆ. ನಾನು ಗಲೀಜು ಅಂತ ಉಗುರಿನಿಂದ ಕೆರೆದು ತೆಗೆದದ್ದು ಅದನ್ನೇ. ಅಳಿದುಳಿದದ್ದು ನನ್ನ ಜೇಬಿನಲ್ಲಿ ಒಣಗಿ ಹೋಗಿತ್ತು.

ಆ ಪೊರೆ ಸತ್ತರೆ ಏನಾಗುತ್ತದೆ ಅನ್ನುವುದನ್ನು ಮುಂದಿನ ನಾಲ್ಕು ವರ್ಷ ನಾನೇ ಕಣ್ಣಾರೆ ನೋಡಿದೆ. ದೇಹಕ್ಕೆ ಆ ಬೇರು ತನ್ನದೇ ಮೂಳೆಯ ಹಾಗೆ ಕಾಣುತ್ತದೆ. ನಮ್ಮ ಮೂಳೆ ಸದಾ ಸ್ವಲ್ಪ ಸ್ವಲ್ಪ ಕರಗುತ್ತಾ, ಹೊಸದಾಗಿ ಕಟ್ಟಿಕೊಳ್ಳುತ್ತಾ ಇರುತ್ತದಲ್ಲ, ಅದೇ ಕೆಲಸ ಬೇರಿಗೂ ಹತ್ತಿಕೊಳ್ಳುತ್ತದೆ. ಬೇರು ಕರಗುತ್ತಾ ಹೋಗುತ್ತದೆ, ಆ ಜಾಗದಲ್ಲಿ ಮೂಳೆ ಬೆಳೆಯುತ್ತದೆ. ಹಲ್ಲು ಮೂಳೆಗೆ ಅಂಟಿಕೊಂಡು ಬಿಡುತ್ತದೆ. ಒಂದು ವರ್ಷದ ತಪಾಸಣೆಗೆ ಹುಡುಗನ ಜೊತೆ ನಾನೂ ಹೋಗಿದ್ದೆ. ಡಾಕ್ಟರು ಕನ್ನಡಿಯ ಹಿಡಿಯಿಂದ ಅವನ ಪಕ್ಕದ ಹಲ್ಲಿಗೆ ಮೆಲ್ಲಗೆ ತಟ್ಟಿದರು. ಮೆತ್ತಗೆ ಟಕ್ ಅಂದಿತು. ಆಮೇಲೆ ಈ ಹಲ್ಲಿಗೆ ತಟ್ಟಿದರು. ಲೋಹಕ್ಕೆ ತಟ್ಟಿದ ಹಾಗೆ ಟಿಣ್ ಅಂದಿತು. “ಕೇಳಿಸ್ತಾ ಸಾರ್?” ಅಂದರು. ಕೇಳಿಸಿತು. ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಬೆಳೆಯುವ ಮಕ್ಕಳಲ್ಲಿ ಇದರ ಕಷ್ಟ ಜಾಸ್ತಿ. ದವಡೆ ಬೆಳೆದ ಹಾಗೆ ಉಳಿದ ಹಲ್ಲುಗಳು ಕೆಳಗಿಳಿದು ಬರುತ್ತವೆ, ಅಂಟಿಕೊಂಡ ಹಲ್ಲು ಮಾತ್ರ ಇದ್ದಲ್ಲೇ ನಿಂತುಬಿಡುತ್ತದೆ. ಹದಿನಾಲ್ಕಕ್ಕೆ ಬರುವಷ್ಟರಲ್ಲಿ ಅವನ ಆ ಹಲ್ಲು ಪಕ್ಕದ್ದಕ್ಕಿಂತ ಗಿಡ್ಡ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಫೋಟೋಗೆ ನಿಂತರೆ ತುಟಿ ಬಿಚ್ಚುತ್ತಿರಲಿಲ್ಲ. ಹದಿನೈದಕ್ಕೆ ಆ ಹಲ್ಲಿನ ಮೇಲ್ಭಾಗ ಕತ್ತರಿಸಿ ತೆಗೆದು, ಬೇರನ್ನು ಮೂಳೆಯೊಳಗೇ ಬಿಟ್ಟರು. ಇದೂ ಒಂದು ಸಂಶೋಧನೆಯ ಫಲವೇ. 1984ರಲ್ಲಿ ಸ್ವೀಡನ್ನಿನ ಹಲ್ಲಿನ ವೈದ್ಯರು ಈ ವಿಧಾನ ತೋರಿಸಿಕೊಟ್ಟರು. ಬೇರನ್ನು ಕಿತ್ತರೆ ಮೂಳೆಯೂ ಕಿತ್ತು ಬಂದು ಅಲ್ಲಿ ಹಳ್ಳ ಬೀಳುತ್ತದೆ, ಬಿಟ್ಟರೆ ಮೂಳೆಯ ಅಗಲ ಉಳಿಯುತ್ತದೆ. ಈಗ ಆ ಜಾಗದಲ್ಲಿ ಪಕ್ಕದ ಹಲ್ಲಿಗೆ ಅಂಟಿಸಿದ ಕಟ್ಟು ಹಲ್ಲು ಇದೆ. ದವಡೆಯ ಬೆಳವಣಿಗೆ ಪೂರ್ತಿ ನಿಲ್ಲುವವರೆಗೆ ಇಂಪ್ಲಾಂಟ್, ಅಂದರೆ ಮೂಳೆಗೇ ಕೂರಿಸುವ ಕೃತಕ ಹಲ್ಲು, ಹಾಕುವ ಹಾಗಿಲ್ಲ. ಇಷ್ಟೆಲ್ಲ ಆಗಿದ್ದು ಒಂದು ಸಂಜೆಯ ಎರಡೂವರೆ ಗಂಟೆಯಿಂದ.

ಅವತ್ತಿನಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ. ಅರ್ಥವಾಗದ ಕಡೆ ಅದೇ ಡಾಕ್ಟರನ್ನು ಕೇಳಿದ್ದೇನೆ. ನನಗೆ ಹೊಟ್ಟೆ ಉರಿದದ್ದು ಯಾವಾಗ ಅಂದರೆ, ಇದೆಲ್ಲ ಗೊತ್ತಾಗಿ ಎಷ್ಟೋ ಕಾಲವಾಗಿದೆ ಅಂತ ತಿಳಿದಾಗ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಯೆನ್ಸ್ ಆಂಡ್ರಿಯಾಸೆನ್ ಅನ್ನುವ ವೈದ್ಯರಿದ್ದರು. ಹಲ್ಲಿಗೆ ಬೀಳುವ ಪೆಟ್ಟಿನ ಅಧ್ಯಯನಕ್ಕೇ ಜೀವಮಾನ ಕೊಟ್ಟವರು, 2020ರಲ್ಲಿ ತೀರಿಕೊಂಡರು. ಅವರೂ ಅವರ ಜೊತೆಗಾರರೊಬ್ಬರೂ 1966ರಲ್ಲೇ, ಕಿತ್ತು ಬಂದು ವಾಪಸ್ ಕೂರಿಸಿದ 110 ಹಲ್ಲುಗಳ ಲೆಕ್ಕ ಪ್ರಕಟಿಸಿದ್ದರು. ಅರ್ಧ ಗಂಟೆಯೊಳಗೆ ಕೂರಿಸಿದವುಗಳಲ್ಲಿ ಶೇ 90ರಷ್ಟು ಹಲ್ಲುಗಳ ಬೇರು ಕರಗಿರಲಿಲ್ಲ. ಎರಡು ಗಂಟೆ ದಾಟಿದವುಗಳಲ್ಲಿ ಶೇ 95ರಷ್ಟು ಕರಗಿದ್ದವು. ಯೋಚನೆ ಮಾಡಿ, 1966. ನಾನು ಹುಟ್ಟುವುದಕ್ಕಿಂತ ಮೊದಲೇ ಗೊತ್ತಿದ್ದ ವಿಷಯ ನನ್ನ ಆಟದ ಮೈದಾನಕ್ಕೆ ಬಂದಿರಲಿಲ್ಲ.

ಹಾಗಾದರೆ ಏನು ಮಾಡಬೇಕಿತ್ತು? ಹಲ್ಲನ್ನು ಬಿಳಿ ಭಾಗದಲ್ಲಿ ಹಿಡಿಯಬೇಕು, ಬೇರನ್ನು ಮುಟ್ಟಬಾರದು. ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನಿನಲ್ಲೋ ಒಂದು ಸಲ ಅದ್ದಿ ತೆಗೆಯಬೇಕು, ಉಜ್ಜಬಾರದು. ಮಗುವಿಗೆ ಪ್ರಜ್ಞೆ ಚೆನ್ನಾಗಿದ್ದರೆ, ಅದು ಶಾಶ್ವತ ಹಲ್ಲಾಗಿದ್ದರೆ, ಅಲ್ಲೇ ಆ ಗೂಡಿಗೆ ಮೆಲ್ಲಗೆ ಕೂರಿಸಿ, ಮಡಚಿದ ಕರ್ಚೀಫು ಕಚ್ಚಿಕೊಳ್ಳಲು ಹೇಳಿ, ಹಲ್ಲಿನ ಡಾಕ್ಟರ ಹತ್ತಿರ ಓಡಬೇಕು. ಕೈ ನಡುಗುತ್ತದೆ, ನನಗೆ ಗೊತ್ತು. ಆಗದಿದ್ದರೆ ಹಲ್ಲನ್ನು ತಣ್ಣನೆಯ ಹಾಲಿನಲ್ಲಿ ಮುಳುಗಿಸಿ ತೆಗೆದುಕೊಂಡು ಹೋಗಬೇಕು.

ಹಾಲೇ ಯಾಕೆ ಅಂತ ನಾನೂ ಕೇಳಿದ್ದೆ. ನೀರಿನಲ್ಲಿ ಉಪ್ಪಿನಂಶ ಇಲ್ಲ, ಹಾಗಾಗಿ ಬೇರಿನ ಮೇಲಿನ ಜೀವಕೋಶಗಳು ನೀರು ಹೀರಿ ಉಬ್ಬಿ ಒಡೆದು ಹೋಗುತ್ತವೆ. ಹಾಲಿನ ಸಾಂದ್ರತೆ ನಮ್ಮ ಮೈಯೊಳಗಿನ ದ್ರವಕ್ಕೆ ಹತ್ತಿರ. ಅದರಲ್ಲಿ ಅವು ಒಡೆಯದೆ ಕೆಲವು ಗಂಟೆ ತಡೆದುಕೊಳ್ಳುತ್ತವೆ. 1980ರ ಆಸುಪಾಸಿನಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಈಚೆಗೆ, 2020ರ ಪ್ರಥಮ ಚಿಕಿತ್ಸೆಯ ಅಂತರರಾಷ್ಟ್ರೀಯ ಸಲಹೆಗಳಲ್ಲಿ ಓಆರ್‌ಎಸ್ ದ್ರಾವಣ, ಆಹಾರ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡುವುದು, ಇವೂ ಸೇರಿವೆ. ಏನೂ ಸಿಗದಿದ್ದರೆ ಗಾಯವಾದವರದ್ದೇ ಎಂಜಲನ್ನು ಒಂದು ಲೋಟಕ್ಕೆ ಉಗುಳಿಸಿ ಅದರಲ್ಲಿ ಹಲ್ಲನ್ನು ಇಡಬಹುದು. ಮುಖ್ಯ ಅಂದರೆ ಒಣಗಬಾರದು, ಅಷ್ಟೆ. ಒಂದು ಗಂಟೆ ಒಣಗಿದರೆ ಆ ಜೀವಕೋಶಗಳು ಉಳಿಯುವುದಿಲ್ಲ ಅಂತಲೇ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. ಹಾಗಂತ ತಡವಾಯಿತು, ಇನ್ನೇನು ಪ್ರಯೋಜನ ಅಂತ ಹಲ್ಲನ್ನು ಬಿಸಾಡಬೇಡಿ. ನಮ್ಮ ಹುಡುಗನ ಹಲ್ಲು ಅಷ್ಟು ಕೆಟ್ಟ ಸ್ಥಿತಿಯಲ್ಲಿದ್ದರೂ ನಾಲ್ಕು ವರ್ಷ ಜಾಗ ಕಾಯಿತು, ಮೂಳೆ ಉಳಿಸಿತು.

ಇಲ್ಲಿ ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಇದನ್ನೆಲ್ಲ ಕಲಿತ ಹುರುಪಿನಲ್ಲಿ ಮನೆಯವರಿಗೆ, ನೆಂಟರಿಗೆ, ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಒಂದು ದಿನ ತಂಗಿ ಫೋನ್ ಮಾಡಿದಳು. ಅವಳ ಮಗುವಿಗೆ ಎರಡೂವರೆ ವರ್ಷ. ಮಂಚದಿಂದ ಬಿದ್ದು ಮುಂದಿನ ಹಲ್ಲು ಬಂದುಬಿಟ್ಟಿದೆ. “ಅಣ್ಣಾ, ನೀನೇ ಹೇಳಿದ್ಯಲ್ಲ, ಹಾಲಲ್ಲಿ ಅದ್ದಿದ್ದೀನಿ, ವಾಪಸ್ ಒತ್ತಿಬಿಡ್ಲಾ?” ಅಂದಳು. ನನಗೆ ಏನೋ ಅನುಮಾನ ಬಂತು. “ತಡಿ, ಐದು ನಿಮಿಷ” ಅಂದು ಡಾಕ್ಟರಿಗೆ ಫೋನ್ ಹಚ್ಚಿದೆ. “ಬೇಡ, ಬೇಡ, ಹಾಲುಹಲ್ಲನ್ನ ಯಾವತ್ತೂ ವಾಪಸ್ ಹಾಕಬಾರದು” ಅಂದರು. ಹಾಲುಹಲ್ಲಿನ ಬೇರಿನ ಹಿಂದೆಯೇ ಮುಂದೆ ಬರಬೇಕಾದ ಶಾಶ್ವತ ಹಲ್ಲಿನ ಮೊಗ್ಗು ಇರುತ್ತದೆ. ಒತ್ತಿದರೆ ಅದಕ್ಕೆ ಏಟಾಗುತ್ತದೆ. ಅರ್ಧ ವಿಷಯ ಹೇಳಿ ಬಿಟ್ಟರೆ ಎಂಥ ಅಪಾಯ ಅಂತ ಅವತ್ತು ಮೈ ಜುಂ ಅಂದಿತು. ಮುಂದಿನ ಶಾಶ್ವತ ಹಲ್ಲುಗಳು ಬರುವುದು ಸಾಮಾನ್ಯವಾಗಿ ಆರೇಳು ವರ್ಷದ ಮೇಲೆ. ಹಾಲುಹಲ್ಲಿಗಿಂತ ದೊಡ್ಡವು, ಹೊಸದರಲ್ಲಿ ಅಂಚು ಗರಗಸದ ಹಾಗೆ ಇರುತ್ತದೆ. ಅನುಮಾನ ಇದ್ದರೆ ಕೂರಿಸಲು ಹೋಗಬೇಡಿ, ಹಾಲಿನಲ್ಲಿ ಹಾಕಿಕೊಂಡು ಹೋಗಿ.

ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಇದ್ದರೆ ಹಲ್ಲಿನ ಮಾತು ಆಮೇಲೆ, ಮೊದಲು ಆಸ್ಪತ್ರೆ. ಹಲ್ಲು ಎಲ್ಲೂ ಸಿಗದೆ ಮಗು ಕೆಮ್ಮುತ್ತಿದ್ದರೆ ಅದು ಉಸಿರಿನ ಕೊಳವೆಗೆ ಹೋಗಿರಬಹುದು. ಅದನ್ನೂ ಡಾಕ್ಟರಿಗೆ ಹೇಳಬೇಕು.

ಬುಡಸಮೇತ ಕಿತ್ತು ಬರುವುದಕ್ಕಿಂತ ಹಲ್ಲಿನ ತುದಿ ಮುರಿಯುವುದೇ ಜಾಸ್ತಿ. ಮುರಿದ ಚೂರನ್ನು ಹುಡುಕಿ ತೆಗೆದುಕೊಂಡು ಹೋದರೆ ಅದನ್ನೇ ವಾಪಸ್ ಅಂಟಿಸಬಹುದು ಅಂತ ಎಷ್ಟು ಜನರಿಗೆ ಗೊತ್ತು? ಇದಕ್ಕೆ ನೀರು ಸಾಕು, ಚೂರು ಒಣಗದಿದ್ದರೆ ಆಯಿತು. ಮುರಿದ ಜಾಗದಲ್ಲಿ ಕೆಂಪು ಚುಕ್ಕೆ ಕಂಡರೆ ಹಲ್ಲಿನ ಒಳಗಿನ ನರ ತೆರೆದುಕೊಂಡಿದೆ ಅಂತ. ಹಿಂದೆ ಅಂಥ ಹಲ್ಲಿನ ನರ ಪೂರ್ತಿ ತೆಗೆದುಬಿಡುತ್ತಿದ್ದರು. 1978ರಲ್ಲಿ ಸ್ವೀಡನ್ನಿನ ಮಿಯೋಮಿರ್ ಸ್ವೆಕ್ ಅನ್ನುವ ವೈದ್ಯರು, ಮೇಲಿನ ಒಂದೆರಡು ಮಿಲಿಮೀಟರ್ ಮಾತ್ರ ತೆಗೆದು ಔಷಧಿ ಮುಚ್ಚಿದರೆ ಉಳಿದದ್ದು ಬದುಕುತ್ತದೆ ಅಂತ ತೋರಿಸಿದರು. ಅವರು ಚಿಕಿತ್ಸೆ ಕೊಟ್ಟ 60 ಹಲ್ಲುಗಳಲ್ಲಿ 58 ಉಳಿದವು. ಚಿಕ್ಕ ಮಕ್ಕಳಿಗೆ ಇದು ದೊಡ್ಡ ವರ. ಬೇರು ಇನ್ನೂ ಬೆಳೆಯುತ್ತಿರುವಾಗ ನರ ಸತ್ತರೆ ಬೇರಿನ ಬೆಳವಣಿಗೆಯೂ ಅಲ್ಲಿಗೇ ನಿಲ್ಲುತ್ತದೆ.

ಸತ್ತ ನರವನ್ನೇ ಮತ್ತೆ ಬೆಳೆಸುವ ಪ್ರಯತ್ನವೂ ನಡೆದಿದೆ. 2018ರಲ್ಲಿ ಚೀನಾದ ಸಂಶೋಧಕರು ಮಕ್ಕಳದೇ ಹಾಲುಹಲ್ಲಿನಿಂದ ಕಾಂಡಕೋಶ (ಬೇರೆ ಬೇರೆ ಬಗೆಯ ಜೀವಕೋಶವಾಗಿ ಬೆಳೆಯಬಲ್ಲ ಮೂಲಕೋಶ) ತೆಗೆದು, ಪೆಟ್ಟು ಬಿದ್ದ ಹಲ್ಲಿನೊಳಗೆ ಇಟ್ಟು ನೋಡಿದರು. ಒಳಗೆ ರಕ್ತನಾಳ ಬೆಳೆಯಿತು, ಹಲ್ಲಿಗೆ ಸ್ಪರ್ಶ ಬಂತು. ಓದಿ ನಿಜವಾಗಿಯೂ ಖುಷಿಯಾಯಿತು. ಆದರೆ ಮೈದಾನದಲ್ಲಿ ನಿಂತವನಿಗೆ ಅಂಥ ಚಿಕಿತ್ಸೆ ಬರುವವರೆಗೆ ಕಾಯಲು ಆಗುವುದಿಲ್ಲ. ನಮ್ಮ ಕೈಲಿರುವುದು ಒಂದು ಲೋಟ ಹಾಲು, ಅರ್ಧ ಗಂಟೆ.

ಇದೇನು ಅಪರೂಪಕ್ಕೆ ಆಗುವುದಲ್ಲವೇ ಅಂತ ಕೆಲವರು ನನ್ನನ್ನು ಕೇಳಿದ್ದಾರೆ. ಅಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಒಂದು ಲೆಕ್ಕ ಹಾಕಿದ್ದಾರೆ. ಇವತ್ತು ಬದುಕಿರುವವರಲ್ಲಿ 100 ಕೋಟಿಗೂ ಜಾಸ್ತಿ ಜನರ ಹಲ್ಲಿಗೆ ಒಂದಲ್ಲ ಒಂದು ಸಲ ಪೆಟ್ಟು ಬಿದ್ದಿದೆಯಂತೆ. 12 ವರ್ಷದ ಮಕ್ಕಳಲ್ಲಿ ಶೇ 18ರಷ್ಟು. ಅಂದರೆ 40 ಮಕ್ಕಳ ಒಂದು ತರಗತಿಯಲ್ಲಿ ಏಳು ಮಕ್ಕಳು.

ತಡೆಯುವುದಕ್ಕೂ ದಾರಿ ಇದೆ. ಮೇಲಿನ ಹಲ್ಲು ಮುಂದಕ್ಕೆ ಚಾಚಿದ ಮಕ್ಕಳಿಗೆ ಏಟು ಬೀಳುವ ಸಂಭವ ಹೆಚ್ಚು. ಮೂರು ಮಿಲಿಮೀಟರಿಗಿಂತ ಜಾಸ್ತಿ ಚಾಚಿದ್ದರೆ ಹೆಚ್ಚುಕಮ್ಮಿ ಎರಡರಷ್ಟು. ಅಂಥವರಿಗೆ ಸಣ್ಣ ವಯಸ್ಸಿನಲ್ಲೇ ಹಲ್ಲು ಸರಿಪಡಿಸಿದರೆ ಪೆಟ್ಟು ಕಡಿಮೆಯಾಗುತ್ತದೆ ಅಂತ ಸಂಶೋಧನೆಯಲ್ಲಿ ಕಂಡಿದೆ. ಬರೀ ಅಂದಕ್ಕೆ ತಂತಿ ಹಾಕಿಸುತ್ತಾರೆ ಅಂತ ನಾನೂ ತಿಳಿದಿದ್ದೆ.

ಇನ್ನು ಮೌತ್‌ಗಾರ್ಡ್, ಅಂದರೆ ಆಡುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ಮೆತ್ತನೆಯ ಕವಚ. ಇದರ ಬಗ್ಗೆ ಮಕ್ಕಳ ಜೊತೆ ನಾನು ಎಷ್ಟು ಗುದ್ದಾಡಿದ್ದೇನೆ ಅಂದರೆ ಹೇಳಿ ಮುಗಿಯುವುದಿಲ್ಲ. “ಸಾರ್, ಮಾತಾಡೋಕೆ ಆಗಲ್ಲ”, “ಸಾರ್, ವಾಕರಿಕೆ ಬರುತ್ತೆ.” ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಕಚ್ಚಿ ಅಚ್ಚು ತೆಗೆದುಕೊಳ್ಳುವ ಬಗೆಯದನ್ನು ಮೊದಲು ನನ್ನ ಬಾಯಿಗೇ ಹಾಕಿ ನೋಡಿದೆ. ಮೊದಲ ಎರಡು ದಿನ ಎಂಜಲು ತುಂಬುತ್ತದೆ, ಮಾತು ತೊದಲುತ್ತದೆ. ಮೂರನೇ ದಿನ ಮರೆತೇ ಹೋಗುತ್ತದೆ. ಕಚ್ಚುವಾಗ ಆತುರಪಟ್ಟರೆ ಮುಂದಿನ ಹಲ್ಲಿನ ಹತ್ತಿರ ತೆಳ್ಳಗಾಗಿಬಿಡುತ್ತದೆ, ದಪ್ಪ ಬೇಕಾಗಿರುವುದು ಅಲ್ಲೇ. ಹಲ್ಲಿನ ಡಾಕ್ಟರು ಅಳತೆ ತೆಗೆದು ಮಾಡಿಕೊಡುವುದು ಎಲ್ಲಕ್ಕಿಂತ ಚೆನ್ನಾಗಿ ಕೂರುತ್ತದೆ. ಇದು ಹೊಸ ವಸ್ತುವೂ ಅಲ್ಲ. ಲಂಡನ್ನಿನ ಹಲ್ಲಿನ ವೈದ್ಯರೊಬ್ಬರು 1890ರಲ್ಲೇ ಬಾಕ್ಸಿಂಗ್ ಆಡುವವರಿಗೆ ಮಾಡಿಕೊಟ್ಟಿದ್ದರು. ನ್ಯೂಜಿಲೆಂಡಿನಲ್ಲಿ 1990ರ ದಶಕದ ಕೊನೆಗೆ ರಗ್ಬಿ ಆಟಗಾರರಿಗೆ ಇದನ್ನು ಕಡ್ಡಾಯ ಮಾಡಿದರು. 1995ರಿಂದ 2003ರ ಹೊತ್ತಿಗೆ ರಗ್ಬಿಯಲ್ಲಿ ಹಲ್ಲಿಗಾದ ಗಾಯದ ಪರಿಹಾರ ಅರ್ಜಿಗಳು ಶೇ 43ರಷ್ಟು ಇಳಿದವು. ಬರೀ ಬುದ್ಧಿಮಾತು ಹೇಳಿದ್ದರೆ ಇಷ್ಟು ಇಳಿಯುತ್ತಿರಲಿಲ್ಲ, ನಿಯಮ ಮಾಡಿದ್ದಕ್ಕೆ ಇಳಿಯಿತು. ಮೈಗೆ ಮೈ ತಾಗುವ ಪ್ರತಿಯೊಂದು ಆಟಕ್ಕೂ ಶಾಲೆಗಳಲ್ಲಿ ಈ ನಿಯಮ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಾದಕ್ಕೆ ಬೂಟಿಲ್ಲದಿದ್ದರೆ ಆಡಿಸುವುದಿಲ್ಲ ಅನ್ನುತ್ತೇವೆ, ಹಲ್ಲಿನ ವಿಷಯದಲ್ಲಿ ಯಾಕೆ ಸುಮ್ಮನಿರುತ್ತೇವೆ?

ನಿಯಮ ಬರುವುದು ತಡವಾಗಬಹುದು. ಒಂದು ಹಾಳೆ ಅಂಟಿಸುವುದಕ್ಕೆ ತಡ ಬೇಕಿಲ್ಲ. ಶಿಕ್ಷಕರಿಗೆ ಈ ವಿಷಯ ಗೊತ್ತಿಲ್ಲ ಅಂತ ಎಷ್ಟೋ ದೇಶಗಳ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹಾಂಗ್‌ಕಾಂಗ್‌ನಲ್ಲಿ ಕೆಲವು ಶಾಲೆಗಳಲ್ಲಿ ಪೋಸ್ಟರ್ ಹಾಕಿ, ಕೆಲವದರಲ್ಲಿ ಹಾಕದೆ, ಎರಡು ವಾರ ಬಿಟ್ಟು ಶಿಕ್ಷಕರನ್ನು ಪರೀಕ್ಷೆ ಮಾಡಿದರು. ಪೋಸ್ಟರ್ ಇದ್ದ ಶಾಲೆಗಳ ಶಿಕ್ಷಕರಿಗೆ ಹೆಚ್ಚು ಗೊತ್ತಿತ್ತು. ಯಾವ ತರಬೇತಿಯೂ ಇಲ್ಲ, ಬರೀ ಗೋಡೆಯ ಮೇಲೊಂದು ಹಾಳೆ.

ನಮ್ಮ ಶಾಲೆಯಲ್ಲೂ ಆಟದ ಸಾಮಾನಿನ ಕೋಣೆಯ ಬಾಗಿಲಿಗೆ ಅಂಥ ಒಂದು ಹಾಳೆ ಇದೆ. ಬರೆದವನು ಅದೇ ಹುಡುಗ. ಈಗ ಅವನಿಗೆ 19. ಈ ಪತ್ರದಲ್ಲಿ ಅವನ ವಿಷಯ ಹೇಳುವುದಕ್ಕೂ ಅವನ ಒಪ್ಪಿಗೆ ಇದೆ. “ಸಾರ್, ನೀವು ಬರೆದ್ರೆ ಉದ್ದ ಆಗುತ್ತೆ, ಯಾರೂ ಓದಲ್ಲ, ನಾನು ಬರೀತೀನಿ” ಅಂದ. ದಪ್ಪ ಅಕ್ಷರದಲ್ಲಿ ಆರೇ ಸಾಲು ಬರೆದ. ಬಿಳಿ ಭಾಗ ಹಿಡಿ. ಬೇರು ಉಜ್ಜಬೇಡ. ಹಾಲುಹಲ್ಲಾದರೆ ವಾಪಸ್ ಹಾಕಬೇಡ. ದೊಡ್ಡ ಹಲ್ಲಾದರೆ ಈಗಲೇ ಕೂರಿಸು. ಆಗದಿದ್ದರೆ ಹಾಲಿನಲ್ಲಿ ಹಾಕು. ಅರ್ಧ ಗಂಟೆಯೊಳಗೆ ಹಲ್ಲಿನ ಡಾಕ್ಟರು.

ಆ ಹಾಳೆಯ ಒಂದು ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಸಾಲದಿದ್ದರೆ ಪತ್ರವನ್ನು ಎಷ್ಟು ಬೇಕಾದರೂ ಮೊಟಕು ಮಾಡಿ. ಆ ಆರು ಸಾಲು ಮಾತ್ರ ಬಿಡಬೇಡಿ. ಓದುಗರು ಕತ್ತರಿಸಿ ಗೋಡೆಗೆ ಅಂಟಿಸುವ ಹಾಗೆ, ಸುತ್ತ ಒಂದು ಗೆರೆ ಎಳೆದು ಮುದ್ರಿಸಿ.

ಇಂತಿ,
ನಿಮ್ಮ ಓದುಗ, ಒಬ್ಬ ಪಿ.ಟಿ. ಮೇಷ್ಟ್ರು